ಸಿರೋಸಿಸ್ ಇದ್ದವರೆಲ್ಲ ಎಂಡೋಸ್ಕೋಪಿ ಮಾಡಿಸಲೇಬೇಕೆ?

ಲಿವರ್ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ) ಎಂದು ಗೊತ್ತಾದ ದಿನ ಡಾಕ್ಟರು ಕೊಡುವ ಚೀಟಿಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇದ್ದೇ ಇರುತ್ತದೆ: ಎಂಡೋಸ್ಕೋಪಿ. ತುದಿಯಲ್ಲಿ ಕ್ಯಾಮೆರಾ ಇರುವ ಸಣ್ಣ ಪೈಪನ್ನು ಬಾಯಿಯ ಮೂಲಕ ಇಳಿಸಿ, ಅನ್ನನಾಳದಲ್ಲಿ ರಕ್ತನಾಳಗಳು ಉಬ್ಬಿಕೊಂಡಿವೆಯೇ ಎಂದು ನೋಡುವ ಪರೀಕ್ಷೆ ಅದು. ಹಾಸನ, ಚಿಕ್ಕಮಗಳೂರು ಪೇಟೆಯಲ್ಲೇ ಇರುವವರಿಗೆ ಇದು ಒಂದು ಬೆಳಗಿನ ಕೆಲಸ. ಕಳಸ, ಕೊಟ್ಟಿಗೆಹಾರ, ಹೆತ್ತೂರಿನ ಕಡೆಯವರಿಗೆ ಅಷ್ಟು ಸಲೀಸಲ್ಲ. ರಾತ್ರಿಯಿಂದ ಉಪವಾಸ, ಬೆಳಿಗ್ಗೆ ಮೊದಲ ಬಸ್ಸು, ಜೊತೆಗೊಬ್ಬರು, ಇಬ್ಬರದೂ ಒಂದು ದಿನದ ಕೂಲಿ ಹೋಯಿತು. ಕಾಫಿ ಕೊಯ್ಲಿನ ಹೊತ್ತಿಗೆ ತೋಟ ಬಿಟ್ಟು ಬರಲಾಗದು. ಮಳೆಗಾಲದಲ್ಲಿ ಚಾರ್ಮಾಡಿಯೋ ಶಿರಾಡಿಯೋ ಕುಸಿದರೆ ಮಂಗಳೂರಿನ ದಾರಿಯೇ ಬಂದ್. ಇದೆಲ್ಲದರ ಮೇಲೆ ಭಯ ಬೇರೆ. "ಆ ಪೈಪ್ ನುಂಗೋದೊಂದು ಬ್ಯಾಡ ಸಾರ್, ಬೇರೆ ಏನ್ ಬೇಕಾದ್ರೂ ಮಾಡಿ" ಎಂಬ ಮಾತನ್ನು ಒಪಿಡಿಯಲ್ಲಿ ಕೂತವರೆಲ್ಲ ಕೇಳಿಯೇ ಇರುತ್ತಾರೆ.

ಮುಂದೂಡಿದವರಲ್ಲಿ ಹಲವರಿಗೆ ಏನೂ ಆಗುವುದಿಲ್ಲ. ಕೆಲವರು ಮಾತ್ರ ಒಂದು ರಾತ್ರಿ ರಕ್ತ ವಾಂತಿ ಮಾಡಿಕೊಂಡು ಆಂಬುಲೆನ್ಸಿನಲ್ಲಿ ಬರುತ್ತಾರೆ. ಹೀಗೆ ನಾಳ ಒಡೆದು ರಕ್ತ ಹೋದವರಲ್ಲಿ ಆರು ವಾರದೊಳಗೆ ತೀರಿಕೊಳ್ಳುವವರು ನೂರಕ್ಕೆ ಸುಮಾರು 15ರಿಂದ 20 ಮಂದಿ. ಒಳ್ಳೆಯ ಚಿಕಿತ್ಸೆ ಸಿಕ್ಕರೂ ಇಷ್ಟು. ಆದ್ದರಿಂದ ಅಪಾಯ ಯಾರಿಗಿದೆ ಎಂದು ಮೊದಲೇ ಹುಡುಕಲೇಬೇಕು. ಹುಡುಕಲು ಎಲ್ಲರಿಗೂ ಪೈಪೇ ಇಳಿಸಬೇಕೆ ಎಂಬುದು ಬೇರೆ ಪ್ರಶ್ನೆ. 2015ರಿಂದ ಈಚೆಗೆ ಅದಕ್ಕೆ ಸ್ಪಷ್ಟ ಉತ್ತರವಿದೆ. ಒಂದು ಸ್ಕ್ಯಾನಿನ ಸಂಖ್ಯೆ, ಒಂದು ರಕ್ತ ಪರೀಕ್ಷೆಯ ಸಂಖ್ಯೆ ಎರಡನ್ನೂ ಒಟ್ಟಿಗೆ ನೋಡಿ, ಕೆಲವರಿಗೆ ಎಂಡೋಸ್ಕೋಪಿ ಸದ್ಯಕ್ಕೆ ಬೇಡ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಆ ಸಂಖ್ಯೆಗಳಿಗೆ ತಮ್ಮದೇ ಷರತ್ತುಗಳಿವೆ. ಮಲೆನಾಡಿನಲ್ಲಿ ಆ ಷರತ್ತುಗಳು ಮುರಿಯುವ ಸಂದರ್ಭಗಳೂ ಹೆಚ್ಚು. ನನಗೆ ಮುಖ್ಯವಾಗಿ ಹೇಳಬೇಕಿರುವುದು ಅದನ್ನೇ.

ಮೊದಲು ನಾಳ ಉಬ್ಬುವುದೇಕೆ ಎಂದು ನೋಡೋಣ. ಹೊಟ್ಟೆ, ಕರುಳು, ಗುಲ್ಮ (ಸ್ಪ್ಲೀನ್) ಇವುಗಳಿಂದ ಬರುವ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ವೇಯ್ನ್ ಎಂಬ ದಪ್ಪ ನಾಳದಲ್ಲಿ ಕೂಡಿಕೊಂಡು, ಲಿವರಿನೊಳಗೆ ಸೋಸಿಕೊಂಡು ಆಮೇಲೆ ಹೃದಯ ಸೇರುತ್ತದೆ. ವರ್ಷಗಟ್ಟಲೆ ಕುಡಿತ, ಹೆಪಟೈಟಿಸ್ ಬಿ ಅಥವಾ ಸಿ, ಸಕ್ಕರೆ ಕಾಯಿಲೆಯ ಜೊತೆ ಬರುವ ಕೊಬ್ಬಿನ ಲಿವರ್, ಇವುಗಳಿಂದ ಲಿವರಿನಲ್ಲಿ ಗಾಯವಾಗಿ, ಮಾಗಿ, ಕಲೆಗಟ್ಟುತ್ತಾ ಹೋದರೆ ಅದು ಗಡುಸಾಗುತ್ತದೆ, ಒಳಗಿನ ದಾರಿ ಇಕ್ಕಟ್ಟಾಗುತ್ತದೆ. ಹೇಮಾವತಿ ನಾಲೆಯಲ್ಲಿ ಹೂಳು ತುಂಬಿದರೆ ನೀರು ಹಿಂದಕ್ಕೆ ಒತ್ತಿ ಸಣ್ಣಪುಟ್ಟ ಕಾಲುವೆಗಳಿಗೆ ನುಗ್ಗುತ್ತದಲ್ಲ, ಹಾಗೇ ಪೋರ್ಟಲ್ ನಾಳದ ರಕ್ತವೂ ಅನ್ನನಾಳ, ಜಠರದ ಒಳಗೋಡೆಯ ತೆಳು ನಾಳಗಳಿಗೆ ನುಗ್ಗುತ್ತದೆ. ಅಷ್ಟು ರಕ್ತಕ್ಕೆ ಹೇಳಿ ಮಾಡಿಸಿದ ನಾಳಗಳಲ್ಲ ಅವು. ಉಬ್ಬುತ್ತವೆ, ಗೋಡೆ ತೆಳ್ಳಗಾಗುತ್ತದೆ, ಒಂದು ದಿನ ಒಡೆಯುತ್ತವೆ. ಇವನ್ನೇ ವೇರಿಸೀಸ್ ಎನ್ನುವುದು.

ಲಿವರಿನ ಆಚೀಚೆ ಇರುವ ಒತ್ತಡದ ಅಂತರ ಆರೋಗ್ಯವಂತರಲ್ಲಿ 5 ಮಿಲಿಮೀಟರ್ ಪಾದರಸದವರೆಗೆ ಇರುತ್ತದೆ. 10 ಮುಟ್ಟಿದರೆ ನಾಳ ಉಬ್ಬುವುದು, ಹೊಟ್ಟೆಗೆ ನೀರು ತುಂಬುವುದು ಶುರುವಾಗುವ ಹಂತ. 12 ದಾಟಿದ ಮೇಲೆ ನಾಳ ಒಡೆಯುವ ಭಯ. ಈ ಒತ್ತಡವನ್ನು ನೇರವಾಗಿ ಅಳೆಯಬೇಕಾದರೆ ಕುತ್ತಿಗೆಯ ನಾಳದ ಮೂಲಕ ತಂತಿಯಂಥ ನಳಿಕೆಯನ್ನು ಲಿವರಿನವರೆಗೆ ತಳ್ಳಬೇಕು. ದೊಡ್ಡ ಊರುಗಳ ಕೆಲವೇ ಆಸ್ಪತ್ರೆಗಳ ಕೆಲಸ ಅದು. ಹಾಗಾಗಿ ಒತ್ತಡ ಬಿಟ್ಟುಹೋಗುವ ಗುರುತುಗಳನ್ನು ಹುಡುಕಬೇಕಾಯಿತು. ಗಟ್ಟಿಯಾದ ಲಿವರ್ ಒಂದು ಗುರುತು, ಇಳಿದ ಪ್ಲೇಟ್‌ಲೆಟ್ ಇನ್ನೊಂದು.

ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ, ಬಹಳ ಬಳಕೆಯಲ್ಲಿರುವ ಯಂತ್ರ ಫೈಬ್ರೋಸ್ಕ್ಯಾನ್. ಮಂಚದ ಮೇಲೆ ಅಂಗಾತ ಮಲಗಿಸಿ, ಬಲಗೈಯನ್ನು ತಲೆಯ ಹಿಂದೆ ಇಡಿಸುತ್ತಾರೆ. ಪಕ್ಕೆಲುಬುಗಳ ನಡುವಿನ ಜಾಗ ಅಗಲವಾಗಲಿ ಎಂದು. ತಣ್ಣಗಿನ ಜೆಲ್ ಹಚ್ಚಿ, ಯಂತ್ರದ ತುದಿಯನ್ನು ಬಲ ಪಕ್ಕೆಗೆ ನೆಟ್ಟಗೆ ಒತ್ತಿ ಗುಂಡಿ ಅದುಮಿದರೆ ಬೆರಳಿನಿಂದ ಮೆಲ್ಲಗೆ ತಟ್ಟಿದಂತಾಗುತ್ತದೆ. ಆ ತಟ್ಟು ಒಂದು ಅಲೆಯಾಗಿ ಲಿವರಿನೊಳಗೆ ಸಾಗುತ್ತದೆ. ಅದರ ವೇಗವನ್ನು ಅಲ್ಟ್ರಾಸೌಂಡ್ ಹಿಂಬಾಲಿಸಿ ಅಳೆಯುತ್ತದೆ. ಲಿವರ್ ಗಟ್ಟಿಯಿದ್ದಷ್ಟೂ ಅಲೆಯ ಓಟ ಜೋರು. ಇದನ್ನು ಹತ್ತು ಸಲ ಮಾಡಿ, ನಡುವಿನ ಅಂಕಿಯನ್ನು ಕಿಲೋಪ್ಯಾಸ್ಕಲ್ ಲೆಕ್ಕದಲ್ಲಿ ಬರೆದುಕೊಡುತ್ತಾರೆ. ನೋವಿಲ್ಲ, ಸೂಜಿಯಿಲ್ಲ, ಹತ್ತು ಹದಿನೈದು ನಿಮಿಷದಲ್ಲಿ ಎದ್ದು ಬರಬಹುದು.

ರಿಪೋರ್ಟ್ ಕೈಗೆ ಬಂದಾಗ ಅದರಲ್ಲಿ ಎರಡು ದೊಡ್ಡ ಸಂಖ್ಯೆಗಳಿರುತ್ತವೆ. ಅನೇಕರು ಗಾಬರಿಯಾಗುವುದು ತಪ್ಪು ಸಂಖ್ಯೆ ನೋಡಿ. 290, 310 ಎಂದೆಲ್ಲ ಬರುವುದು ಸಿಎಪಿ, ಲಿವರಿನಲ್ಲಿ ಕೊಬ್ಬು ಎಷ್ಟಿದೆ ಎಂಬುದರ ಅಳತೆ. ವೇರಿಸೀಸ್ ಲೆಕ್ಕಕ್ಕೆ ಅದು ಬೇಡ. ಕಿಲೋಪ್ಯಾಸ್ಕಲ್ ಎಂದು ಪಕ್ಕದಲ್ಲಿ ಬರೆದಿರುವ ಇನ್ನೊಂದು ಸಂಖ್ಯೆಯೇ ಬೇಕಾದದ್ದು. ಅದರ ಕೆಳಗೆ ಐಕ್ಯೂಆರ್ ಎಂದು ಒಂದು ಶೇಕಡಾ ಅಂಕಿ ಇರುತ್ತದೆ. ಹತ್ತು ಅಳತೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವುದು ಅದು. ಶೇ 30ಕ್ಕಿಂತ ಹೆಚ್ಚಿದ್ದರೆ ಆ ರಿಪೋರ್ಟನ್ನು ನಂಬಿ ತೀರ್ಮಾನ ಮಾಡಬಾರದು, ಮತ್ತೆ ಮಾಡಿಸಬೇಕು.

ಇನ್ನು ಪ್ಲೇಟ್‌ಲೆಟ್. ರಕ್ತ ಹೆಪ್ಪುಗಟ್ಟಿಸುವ ಈ ಕಣಗಳು ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಪೋರ್ಟಲ್ ನಾಳದ ಒತ್ತಡ ಏರಿದರೆ ಗುಲ್ಮದಲ್ಲಿ ರಕ್ತ ಮಡುಗಟ್ಟಿ ಅದು ದೊಡ್ಡದಾಗುತ್ತದೆ. ದೊಡ್ಡದಾದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಮೂಳೆಮಜ್ಜೆಗೆ "ಪ್ಲೇಟ್‌ಲೆಟ್ ತಯಾರಿಸು" ಎಂದು ಹೇಳುವ ಹಾರ್ಮೋನು ಹುಟ್ಟುವುದೂ ಲಿವರಿನಲ್ಲೇ. ಲಿವರ್ ಸೊರಗಿದಂತೆ ಅದೂ ಕಡಿಮೆ. ಹೀಗಾಗಿ ಎಲ್ಲ ತಾಲ್ಲೂಕು ಕೇಂದ್ರಗಳಲ್ಲೂ ಆಗುವ, ರಕ್ತಕಣಗಳನ್ನು ಎಣಿಸುವ ಅಗ್ಗದ ಸಿಬಿಸಿ ಪರೀಕ್ಷೆಯ ಒಂದು ಸಾಲು ಹೊಟ್ಟೆಯೊಳಗಿನ ಒತ್ತಡದ ಸುದ್ದಿ ಕೊಡುತ್ತದೆ.

ಈ ಎರಡನ್ನೂ ಕೂಡಿಸಿ ನಿಯಮ ಮಾಡಿದ್ದು ಇಟಲಿಯ ಬವೇನೋ ಊರಿನ ಹೆಸರಿನಲ್ಲಿ ಸೇರುವ ತಜ್ಞರ ಸಭೆ. 2015ರ ಆರನೆಯ ಸಭೆ ಹೇಳಿದ್ದಿಷ್ಟು: ಲಿವರಿನ ಗಡಸುತನ 20 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಹೆಚ್ಚು, ಎರಡೂ ಒಟ್ಟಿಗೆ ಇದ್ದರೆ ಎಂಡೋಸ್ಕೋಪಿ ಬಿಡಬಹುದು. ಎರಡರಲ್ಲಿ ಒಂದು ತಪ್ಪಿದರೂ ನಿಯಮ ಅನ್ವಯಿಸದು. ಮೂಡಿಗೆರೆ ಕಡೆಯ ಎಸ್ಟೇಟೊಂದರಲ್ಲಿ ರೈಟರ್ ಆಗಿರುವ, ಸಕ್ಕರೆ ಕಾಯಿಲೆಯ ಐವತ್ತರ ಆಸುಪಾಸಿನ ಒಬ್ಬರನ್ನು ಊಹಿಸಿಕೊಳ್ಳಿ. ಗಡಸುತನ 17, ಪ್ಲೇಟ್‌ಲೆಟ್ 1.74 ಲಕ್ಷ. ಹೊಟ್ಟೆಗೆ ನೀರು ತುಂಬಿಲ್ಲ, ಕಾಮಾಲೆಯಿಲ್ಲ. ಅವರು ಎಂಡೋಸ್ಕೋಪಿಗೆ ಬಸ್ಸು ಹತ್ತಬೇಕಿಲ್ಲ. ಅದೇ ಗಡಸುತನ 17 ಇದ್ದು ಪ್ಲೇಟ್‌ಲೆಟ್ 1.2 ಲಕ್ಷ ಇದ್ದಿದ್ದರೆ ಈ ನಿಯಮದ ಪ್ರಕಾರ ಹತ್ತಬೇಕಿತ್ತು.

"ಬಿಡಬಹುದು" ಎಂಬುದರ ಅರ್ಥ ಬಿಡಿಸಿ ಹೇಳಬೇಕು. ಹೀಗೆ ಬಿಟ್ಟವರಲ್ಲಿ ಯಾರಿಗೂ ನಾಳ ಉಬ್ಬಿರುವುದಿಲ್ಲ ಎಂದಲ್ಲ. ಕೆಲವರಿಗೆ ಸಣ್ಣ ಉಬ್ಬು ಇರಬಹುದು. ಉಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿಯೋ ಮಾತ್ರೆ ಕೊಟ್ಟೋ ಚಿಕಿತ್ಸೆ ಮಾಡಲೇಬೇಕಾದಂಥ, ಒಡೆಯುವ ಭಯವಿರುವ ಉಬ್ಬು ತಪ್ಪಿಹೋಗುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ ಎಂದರ್ಥ. ಇನ್ನೊಂದು ಕಡೆಯಿಂದ ನೋಡಿದರೆ, ಈ ನಿಯಮದಿಂದ ಎಂಡೋಸ್ಕೋಪಿ ಬೇಡವಾಗುವುದು ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ. ಗಡಸುತನ 25ರವರೆಗೆ, ಪ್ಲೇಟ್‌ಲೆಟ್ 1.1 ಲಕ್ಷದವರೆಗೆ ಸಡಿಲಿಸಿದರೆ ಹತ್ತರಲ್ಲಿ ನಾಲ್ವರಿಗೆ ಬೇಡವಾಗುತ್ತದೆ. ಮತ್ತೆ ಮತ್ತೆ ತೋರಿಸಲು ಬರಲು ಕಷ್ಟವಿರುವ ರೋಗಿಯಾದರೆ ಬಿಗಿ ನಿಯಮವೇ ಲೇಸು ಎಂಬುದು ನನ್ನ ಅಭಿಪ್ರಾಯ. ತಪ್ಪಿಹೋದ ಒಂದು ಉಬ್ಬು ಹಾಸನದ ಆಸ್ಪತ್ರೆಯ ಪಕ್ಕದ ಬೀದಿಯಲ್ಲಿ ಒಡೆಯುವುದಕ್ಕೂ, ರಾತ್ರಿ ಹೊತ್ತು ಬಿಸಿಲೆ ಘಾಟಿಯ ಅಂಚಿನ ಹಳ್ಳಿಯಲ್ಲಿ ಒಡೆಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಈಗ ಷರತ್ತುಗಳಿಗೆ ಬರೋಣ. ನಮ್ಮ ಜಿಲ್ಲೆಗಳಲ್ಲಿ ಪ್ಲೇಟ್‌ಲೆಟ್ ಇಳಿಯಲು ಲಿವರೇ ಕಾರಣವಾಗಬೇಕಿಲ್ಲ. ಮುಂಗಾರು ಶುರುವಾದರೆ ಡೆಂಗಿ. ಗದ್ದೆಗಿಳಿದವರಿಗೆ ಇಲಿ ಜ್ವರ. ಚಳಿಗಾಲದಿಂದ ಬೇಸಿಗೆಯವರೆಗೆ ಕೊಪ್ಪ, ನರಸಿಂಹರಾಜಪುರ, ಶೃಂಗೇರಿಯ ಕಾಡಂಚಿನಲ್ಲಿ ಮಂಗನ ಕಾಯಿಲೆ. ಇವೆಲ್ಲವೂ ಪ್ಲೇಟ್‌ಲೆಟ್ ಇಳಿಸುತ್ತವೆ. ಇಲಿ ಜ್ವರವಂತೂ ಲಿವರಿಗೂ ಊತ ತರುತ್ತದೆ. ಊದಿಕೊಂಡ ಲಿವರ್ ಸ್ಕ್ಯಾನಿನಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ. ಎರಡೂ ಸಂಖ್ಯೆಗಳು ಏಕಕಾಲಕ್ಕೆ ಕೆಡುತ್ತವೆ. ಜ್ವರ ಬಂದಾಗ ಮಾಡಿಸಿದ ಸಿಬಿಸಿ ಹಿಡಿದು ವೇರಿಸೀಸ್ ಲೆಕ್ಕ ಹಾಕಬಾರದು. ಜ್ವರ ಬಿಟ್ಟು, ಚೇತರಿಸಿಕೊಂಡು, ಕೆಲವು ವಾರ ಕಳೆದ ಮೇಲೆ ಮತ್ತೆ ರಕ್ತ ಕೊಡಬೇಕು. ಹಳೆಯ ರಿಪೋರ್ಟುಗಳನ್ನು ಎಸೆಯದೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದರೆ ಅವು ಇಲ್ಲಿ ಬಹಳ ಉಪಕಾರಿ. ಎರಡು ವರ್ಷದಿಂದ 1.3 ಲಕ್ಷದ ಆಜುಬಾಜು ಇರುವ ಪ್ಲೇಟ್‌ಲೆಟ್‌ಗೂ, 2.1 ಇದ್ದದ್ದು ಜುಲೈನಲ್ಲಿ ದಿಢೀರನೆ 80 ಸಾವಿರಕ್ಕೆ ಬಿದ್ದದ್ದಕ್ಕೂ ಅರ್ಥ ಬೇರೆ ಬೇರೆ.

ರಕ್ತ ತೆಗೆದ ಟ್ಯೂಬಿನಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿ ಯಂತ್ರಕ್ಕೆ ಕಡಿಮೆ ಕಾಣುವುದೂ ಉಂಟು. ಅನುಮಾನವಿದ್ದರೆ ಗಾಜಿನ ಸ್ಲೈಡಿನ ಮೇಲೆ ಸವರಿ ಕಣ್ಣಾರೆ ನೋಡಬೇಕು, ಲ್ಯಾಬಿನವರಿಗೆ ಇದು ಗೊತ್ತು. ಕುಡಿತ ಕೂಡ ಮೂಳೆಮಜ್ಜೆಯನ್ನು ನೇರವಾಗಿ ಕುಗ್ಗಿಸುತ್ತದೆ. ಬಿಟ್ಟ ಒಂದೆರಡು ವಾರದಲ್ಲೇ ಸಂಖ್ಯೆ ಏರುವುದನ್ನು ನೋಡಬಹುದು. ಗುಲ್ಮವನ್ನು ಆಪರೇಷನ್ ಮಾಡಿ ತೆಗೆಸಿಕೊಂಡವರಿಗೆ ಈ ನಿಯಮ ಸಲ್ಲದು, ಹಿಡಿದಿಡುವ ಅಂಗವೇ ಇಲ್ಲದ್ದರಿಂದ ಪ್ಲೇಟ್‌ಲೆಟ್ ಚೆನ್ನಾಗಿ ಕಂಡು ಮೋಸ ಮಾಡುತ್ತದೆ. ಡೆಂಗಿಯಲ್ಲಿ ಕೊಡುವಂತೆ ಪರಂಗಿ ಎಲೆಯ ರಸ ಕುಡಿಸಿ ಪ್ಲೇಟ್‌ಲೆಟ್ ಏರಿಸೋಣ ಎಂದು ಸಿರೋಸಿಸ್ ರೋಗಿಗಳ ಮನೆಯವರು ಕೇಳುವುದುಂಟು. ದಯವಿಟ್ಟು ಬೇಡ. ಇಲ್ಲಿ ಪ್ಲೇಟ್‌ಲೆಟ್ ಒತ್ತಡದ ಗುರುತು ಅಷ್ಟೇ, ಅದನ್ನು ಏರಿಸಿದರೆ ನಾಳದ ಒತ್ತಡ ಇಳಿಯುವುದಿಲ್ಲ.

ಸ್ಕ್ಯಾನಿನ ಸಂಖ್ಯೆಯೂ ಹಾಗೆಯೇ ಹುಷಾರಾಗಿ ಓದಬೇಕಾದದ್ದು. ಊಟವಾದ ಮೇಲೆ ಲಿವರಿಗೆ ರಕ್ತ ಹೆಚ್ಚು ನುಗ್ಗುವುದರಿಂದ ಗಡಸುತನ ಜಾಸ್ತಿ ತೋರಿಸುತ್ತದೆ. ಕನಿಷ್ಠ ಮೂರು ಗಂಟೆ ಖಾಲಿ ಹೊಟ್ಟೆ ಬೇಕು. ದೂರದಿಂದ ಬಂದವರು ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದು ನೇರ ಸ್ಕ್ಯಾನಿಂಗ್ ಕೋಣೆಗೆ ಹೋಗುವುದು ಸಹಜ. ಮೊದಲೇ ಹೇಳುವುದು ಆಸ್ಪತ್ರೆಯವರ ಜವಾಬ್ದಾರಿ. ಹೊಸದಾಗಿ ಬಂದ ಕಾಮಾಲೆ, ಹೃದಯದ ಸೋಲು, ಪಿತ್ತನಾಳದ ತಡೆ, ಹಿಂದಿನ ವಾರದವರೆಗೂ ನಡೆದ ಕುಡಿತ, ಇವೆಲ್ಲ ಗಡಸುತನವನ್ನು ಇಲ್ಲದಷ್ಟು ಏರಿಸುತ್ತವೆ. ತುಂಬ ದಪ್ಪ ಇರುವವರಿಗೆ ಬೇರೆಯದೇ ತುದಿ ಬೇಕು. ಹೊಟ್ಟೆಗೆ ನೀರು ತುಂಬಿದ್ದರೆ ಅಲೆ ಲಿವರಿಗೆ ಸರಿಯಾಗಿ ಮುಟ್ಟುವುದೇ ಇಲ್ಲ. ಅಂಥವರಿಗೆ ಈ ಲೆಕ್ಕಾಚಾರದ ಪ್ರಶ್ನೆಯೂ ಏಳಬಾರದು. ಹೊಟ್ಟೆಗೆ ನೀರು, ರಕ್ತ ವಾಂತಿ, ಮಂಕು ಕವಿಯುವುದು, ಇವುಗಳಲ್ಲಿ ಒಂದಾದರೂ ಒಮ್ಮೆ ಆಗಿದ್ದರೆ ಒತ್ತಡ ಏರಿದೆ ಎಂದು ಗೊತ್ತಾದಂತೆಯೇ. ಅವರಿಗೆ ಎಂಡೋಸ್ಕೋಪಿಯೇ ದಾರಿ.

ಮತ್ತೊಂದು ಮಾತು. ಈಗ ಅನೇಕ ಅಲ್ಟ್ರಾಸೌಂಡ್ ಯಂತ್ರಗಳಲ್ಲೂ ಗಡಸುತನ ಅಳೆಯುವ ಎಲಾಸ್ಟೋಗ್ರಫಿ ಸೌಲಭ್ಯವಿದೆ, ಒಳ್ಳೆಯದೇ. ಆದರೆ 20, 25 ಎಂಬ ಗಡಿಗಳು ಫೈಬ್ರೋಸ್ಕ್ಯಾನ್ ಬಗೆಯ ಅಳತೆಗೆ ಹಾಕಿದವು. ಬೇರೆ ಯಂತ್ರದ ಸಂಖ್ಯೆಯನ್ನು ಅದೇ ಗಡಿಗೆ ಹೋಲಿಸಿದರೆ ತಪ್ಪಾಗಬಹುದು.

ಈ ನಿಯಮ ಪೂರ್ತಿಯಾಗಿ ಕೈಕೊಡುವ ಒಂದು ಗುಂಪಿದೆ, ನಮ್ಮ ದೇಶದಲ್ಲಿ ಅದನ್ನು ಮರೆಯುವಂತಿಲ್ಲ. ಲಿವರಿಗೆ ಸಿರೋಸಿಸ್ ಇಲ್ಲದೆಯೂ ಪೋರ್ಟಲ್ ನಾಳದ ಒತ್ತಡ ಏರಬಹುದು. ಪೋರ್ಟಲ್ ನಾಳದಲ್ಲೇ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗಿರುವ ಮಕ್ಕಳು, ಲಿವರಿನೊಳಗಿನ ಸಣ್ಣ ಕವಲುಗಳು ಮಾತ್ರ ಕೆಟ್ಟಿರುವ ಹರೆಯದವರು ಇಂಥವರು. ಅರಕಲಗೂಡಿನ ಕಡೆಯಿಂದ ಇಪ್ಪತ್ತೈದರ ಹೆಣ್ಣುಮಗಳೊಬ್ಬಳು ಬಂದಳು ಎಂದುಕೊಳ್ಳಿ. ಎಡ ಪಕ್ಕೆಯ ಕೆಳಗೆ ಗುಲ್ಮ ಕೈಗೆ ಸಿಗುವಷ್ಟು ದೊಡ್ಡದು, ಪ್ಲೇಟ್‌ಲೆಟ್ 60 ಸಾವಿರ, ಫೈಬ್ರೋಸ್ಕ್ಯಾನಿನಲ್ಲಿ ಗಡಸುತನ ಬರೀ 6. "ಲಿವರ್ ಚೆನ್ನಾಗಿದೆ" ಎಂದು ಕಳಿಸಿದರೆ ಅನಾಹುತ. ಗಡಸುತನ 10ಕ್ಕಿಂತ ಕಡಿಮೆ ಇದ್ದೂ ಒತ್ತಡದ ಲಕ್ಷಣ ಕಂಡರೆ ಈ ಕಾಯಿಲೆಗಳನ್ನು ಹುಡುಕಬೇಕು, ಎಂಡೋಸ್ಕೋಪಿ ಮಾಡಿಸಲೇಬೇಕು.

ಫೈಬ್ರೋಸ್ಕ್ಯಾನ್ ಕೈಗೆಟಕದಿದ್ದರೆ? ವಯಸ್ಸು, ಲಿವರಿನ ಎರಡು ಕಿಣ್ವ, ಪ್ಲೇಟ್‌ಲೆಟ್ ಸೇರಿಸಿ ಮಾಡುವ ಫಿಬ್-4 ಎಂಬ ಲೆಕ್ಕವಿದೆ. ಯಾರ ಲಿವರ್ ಕಲೆಗಟ್ಟಿರಬಹುದು ಎಂದು ಆರಿಸಲು ಅದು ಬಹಳ ಉಪಯುಕ್ತ, ವೇರಿಸೀಸ್ ಇಲ್ಲ ಎಂದು ಹೇಳುವಷ್ಟು ಬಲ ಅದಕ್ಕಿಲ್ಲ. ಸಾಮಾನ್ಯ ಹೊಟ್ಟೆ ಸ್ಕ್ಯಾನಿಂಗಿನಲ್ಲಿ ಗುಲ್ಮ ದೊಡ್ಡದಾಗಿದೆ, ಅಡ್ಡದಾರಿಯ ನಾಳಗಳು ಕಾಣುತ್ತಿವೆ ಎಂದು ಬರೆದಿದ್ದರೆ ಅದು ಒತ್ತಡಕ್ಕೆ ಒಳ್ಳೆಯ ಸಾಕ್ಷಿ. ಬರೆದಿಲ್ಲವೆಂದರೆ ಒತ್ತಡವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಯಂತ್ರ ಸಿಗದ ಕಡೆ ಎಂಡೋಸ್ಕೋಪಿ ಮಾಡಿಸುವುದೇ ಸರಿ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಸುಮಾರು ಹತ್ತು ನಿಮಿಷದಲ್ಲಿ ಮುಗಿಯುವ ಪರೀಕ್ಷೆ ಅದು. ಜನ ಹೆದರುವಷ್ಟು ಘೋರವಲ್ಲ.

2021ರ ಏಳನೆಯ ಬವೇನೋ ಸಭೆಯಲ್ಲಿ ಪ್ರಶ್ನೆಯೇ ಸ್ವಲ್ಪ ಬದಲಾಯಿತು. ಇದಕ್ಕೆ ಹಿನ್ನೆಲೆ 2019ರಲ್ಲಿ ಪ್ರಕಟವಾದ, ಸ್ಪೇನಿನಲ್ಲಿ 201 ರೋಗಿಗಳ ಮೇಲೆ ನಡೆದ ಪ್ರೆಡೆಸ್ಕಿ ಅಧ್ಯಯನ. ಪೋರ್ಟಲ್ ಒತ್ತಡ 10 ಮುಟ್ಟಿದ್ದರೂ ಇನ್ನೂ ಹೊಟ್ಟೆಗೆ ನೀರು ತುಂಬುವಂಥ ತೊಂದರೆ ಶುರುವಾಗದವರಲ್ಲಿ ಒಂದು ಗುಂಪಿಗೆ ಆ ಒತ್ತಡ ಇಳಿಸುವ ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ಮಾತ್ರೆ ಕೊಟ್ಟರು. ಮಾತ್ರೆ ತೆಗೆದುಕೊಂಡವರಲ್ಲಿ ಶೇ 16ರಷ್ಟು ಮಂದಿಗೆ ಕಾಯಿಲೆ ಉಲ್ಬಣಿಸಿತು ಅಥವಾ ಸಾವು ಬಂತು. ಹೋಲಿಕೆಗಾಗಿ ಔಷಧಿಯಿಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ ಶೇ 27. ಅಂದರೆ ನಾಳ ಉಬ್ಬುವವರೆಗೆ ಕಾಯಬೇಕಿಲ್ಲ, ಒತ್ತಡ ಏರಿದೆ ಎಂದು ಖಾತ್ರಿಯಾದರೆ ಮಾತ್ರೆ ಶುರು ಮಾಡಬಹುದು. ಮಾತ್ರೆ ಹೇಗೂ ಶುರುವಾದ ಮೇಲೆ ಉಬ್ಬು ಇದೆಯೇ ಎಂದು ನೋಡಲು ಪೈಪ್ ಇಳಿಸುವ ಅಗತ್ಯವೂ ಕಡಿಮೆ, ಏಕೆಂದರೆ ಉಬ್ಬು ಕಂಡರೂ ಕೊಡುವುದು ಬಹುತೇಕ ಅದೇ ಮಾತ್ರೆಯನ್ನು.

ಒತ್ತಡ ಏರಿದೆಯೋ ಇಲ್ಲವೋ ಎಂದು ಹೇಳಲು ಅದೇ ಎರಡು ಸಂಖ್ಯೆ. ಗಡಸುತನ 15 ಅಥವಾ ಕಡಿಮೆ, ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಅಥವಾ ಹೆಚ್ಚು: ಅಪಾಯದ ಒತ್ತಡ ಇಲ್ಲ. ಗಡಸುತನ 25 ಅಥವಾ ಹೆಚ್ಚು: ಪ್ಲೇಟ್‌ಲೆಟ್ ಎಷ್ಟೇ ಇರಲಿ, ಒತ್ತಡ ಏರಿದೆ ಎಂದೇ ತಿಳಿಯಬೇಕು. ಇದು ಕುಡಿತ ಮತ್ತು ವೈರಸ್‌ನಿಂದ ಬಂದ ಸಿರೋಸಿಸ್‌ಗೆ ಚೆನ್ನಾಗಿ ಹೊಂದುತ್ತದೆ. ಸ್ಥೂಲಕಾಯದ, ಕೊಬ್ಬಿನ ಲಿವರಿನವರಲ್ಲಿ 25 ಬಂದ ಮಾತ್ರಕ್ಕೆ ಖಾತ್ರಿ ಮಾಡಲಾಗದು. ನಡುವೆ ಸಿಕ್ಕಿಕೊಂಡವರು ಬಹಳ ಮಂದಿ. ಅವರಿಗಾಗಿ ಗುಲ್ಮದ ಗಡಸುತನವನ್ನೂ ಅಳೆಯುವ ವಿಧಾನ ಬಂದಿದೆ. ಲಿವರ್ ಅಳತೆ ಮಾಡುವ ಎಲ್ಲ ಕಡೆಯೂ ಅದು ಸಿಗದು. ಸಿಗದ ಕಡೆ, ಆ ನಡುವಿನವರಲ್ಲಿ 2015ರ ನಿಯಮದಡಿ ಬಿಡಲಾಗದವರಿಗೆ ಎಂಡೋಸ್ಕೋಪಿ.

ಕಾರ್ವೆಡಿಲಾಲ್ ಎಲ್ಲರಿಗೂ ಆಗುವ ಮಾತ್ರೆಯಲ್ಲ. ಆಸ್ತಮಾ ಇರುವವರಿಗೆ, ನಾಡಿ ಬಹಳ ನಿಧಾನ ಇರುವವರಿಗೆ, ಮೇಲಿನ ಬಿಪಿ 90ಕ್ಕಿಂತ ಕಡಿಮೆ ಇರುವವರಿಗೆ ಕೊಡುವುದಿಲ್ಲ. ಶುರುವಾದ ಮೇಲೆ ಮೆಡಿಕಲ್ ಶಾಪಿನಲ್ಲಿ ಸ್ಟಾಕ್ ಇಲ್ಲವೆಂದೋ, ಮೈ ಹಗುರಾಯಿತೆಂದೋ ದಿಢೀರನೆ ನಿಲ್ಲಿಸಬಾರದು. ಮಾತ್ರೆ ಆಗದವರಿಗೆ ಎಂಡೋಸ್ಕೋಪಿ ತಪ್ಪಿಸಲು ಹೋಗಬೇಡಿ: ದೊಡ್ಡ ಉಬ್ಬಿದ್ದರೆ ಅವರಿಗೆ ರಬ್ಬರ್ ಬ್ಯಾಂಡ್ ಹಾಕಿಸುವುದೇ ರಕ್ಷಣೆ.

ಕಪ್ಪಗೆ ಡಾಂಬರಿನಂತೆ ಮಲ ಹೋದರೆ, ರಕ್ತ ಅಥವಾ ಕಾಫಿ ಗಸಿಯಂಥ ವಾಂತಿಯಾದರೆ ಯಾವ ಸಂಖ್ಯೆಯನ್ನೂ ನೋಡುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಎಂಡೋಸ್ಕೋಪಿ ಬೇಡ ಎನಿಸಿಕೊಂಡವರು ವರ್ಷಕ್ಕೊಮ್ಮೆ ಪ್ಲೇಟ್‌ಲೆಟ್ ಮತ್ತು ಫೈಬ್ರೋಸ್ಕ್ಯಾನ್ ಮತ್ತೆ ಮಾಡಿಸಬೇಕು. ಕುಡಿತ ಮುಂದುವರಿದರೆ ಸಂಖ್ಯೆ ಕೆಡುತ್ತದೆ. ಬಿಟ್ಟರೆ, ಅಥವಾ ಹೆಪಟೈಟಿಸ್ ಸಿ ಮಾತ್ರೆಗಳಿಂದ ವಾಸಿಯಾದರೆ, ವರ್ಷಗಳಲ್ಲಿ ಸುಧಾರಿಸಲೂಬಹುದು. ಹೆಪಟೈಟಿಸ್ ಬಿ, ಸಿ ಎರಡಕ್ಕೂ 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಸಿರೋಸಿಸ್ ಎಂದು ಗೊತ್ತಾದವರೆಲ್ಲ ಒಮ್ಮೆಯಾದರೂ ಈ ಎರಡು ವೈರಸ್ ಪರೀಕ್ಷೆ ಮಾಡಿಸಿಕೊಂಡಿರಬೇಕು. ಎಂಡೋಸ್ಕೋಪಿ ಬೇಡವಾಯಿತೆಂದು ಜನ ಬಿಟ್ಟುಬಿಡುವ, ಆದರೆ ಬಿಡಬಾರದ ಇನ್ನೊಂದು ಪರೀಕ್ಷೆ ಆರು ತಿಂಗಳಿಗೊಮ್ಮೆಯ ಹೊಟ್ಟೆ ಸ್ಕ್ಯಾನಿಂಗ್. ಅದು ವೇರಿಸೀಸ್‌ಗಾಗಿ ಅಲ್ಲ, ಲಿವರ್ ಕ್ಯಾನ್ಸರನ್ನು ಚಿಕ್ಕದಿರುವಾಗಲೇ ಹಿಡಿಯಲು. ಗಡಸುತನ 15 ಇರಲಿ, 40 ಇರಲಿ, ಸಿರೋಸಿಸ್ ಇರುವ ಪ್ರತಿಯೊಬ್ಬರಿಗೂ ಅದು ಬೇಕು.